ಕೊಡೆಯ ಹೆಂಗಸಿನ ಮೊಣಕೈ

ಮಾರ್ಚ್ ೧೪, ೨೦೨೪

ನನ್ನ ಗುಬ್ಬಿಗೆ, ಅಪ್ಪನ ಅಕ್ಕರೆಯ ನೆನಪುಗಳು.

ಮೊದಲಿಗೆ ಕ್ಷಮೆ ಕೇಳಬೇಕು. ಫೆಬ್ರವರಿ ಎರಡರಂದು ನಿನಗೆ ಬರೆದ ಪತ್ರದಲ್ಲಿ ತಪ್ಪುಗಳಿದ್ದವು, ಒಂದಲ್ಲ, ಹಲವು. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಪರರ ಕರಡು ತಿದ್ದಿದವನು ತನ್ನದೇ ಪತ್ರವನ್ನು ತಿದ್ದಲು ಆರು ವಾರ ತೆಗೆದುಕೊಂಡದ್ದು ಸೋಮಾರಿತನದಿಂದಲ್ಲ. ನಿನ್ನ ಎರಡು ಪತ್ರಗಳೂ ತಲುಪಿದವು. ಅಳಿಯಂದಿರ ಬೆನ್ನುನೋವು ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು. ಪುರಭವನದ ಪ್ರದರ್ಶನಕ್ಕಾಗಿ ನಾನು ಬಣ್ಣ ಬಳಿದ ಹನ್ನೆರಡು ಪುಟ್ಟ ಬೊಂಬೆಗಳ ಹೆಸರುಚೀಟಿಗಳನ್ನು ನಿನ್ನ ಚಂದದ ಅಕ್ಷರದಲ್ಲಿ ಬರೆಯುತ್ತಿದ್ದೀಯಲ್ಲ, ಅದನ್ನು ಎಲ್ಲಿಗೆ ಬಂದಿದೆಯೋ ಅಲ್ಲಿಗೇ ನಿಲ್ಲಿಸು. ಕಾರಣವನ್ನು ಹೇಳುತ್ತೇನೆ, ಹೇಳುವುದು ಸುಲಭವಲ್ಲ.

ಫೆಬ್ರವರಿ ಹನ್ನೊಂದರ ಭಾನುವಾರ, ಇಲ್ಲಿರುವ ಹನ್ನೊಂದು ಬೊಂಬೆಗಳ ಧೂಳು ಕೊಡವಲು ಗಾಜಿನ ಕಪಾಟು ತೆರೆದೆ. ಹನ್ನೆರಡನೆಯದು ನಿನ್ನ ಮೇಜಿನ ಮೇಲಿದೆ. ಅದರ ಮಾತು ಆಮೇಲೆ. ಆ ಹನ್ನೊಂದರಲ್ಲಿ ಕೊಡೆ ಹಿಡಿದ ಹೆಂಗಸು ಕೈಜಾರಿ ನೆಲಕ್ಕೆ ಬಿದ್ದಳು. ಮೊಣಕೈಯ ಬಳಿ ಸಾಸಿವೆಯಷ್ಟು ಬಣ್ಣ ಎದ್ದುಹೋಯಿತು. ಎದ್ದ ಜಾಗದಲ್ಲಿ ಬಿಳಿ ಕಂಡಿತು.

ನಿನಗೆ ಗೊತ್ತಿರುವಂತೆ, ನಾನು ಅಡಿಬಣ್ಣಕ್ಕೆ ಎಂದೂ ಬಿಳಿಯನ್ನು ಬಳಸಿದವನಲ್ಲ. (ಎಲ್ಲರೂ ಪ್ರೈಮರ್ ಎನ್ನುತ್ತಾರೆ, ನಾನು ಅಡಿಬಣ್ಣ ಎಂದರೆ ನೀನು ನಗುತ್ತೀಯೆ, ನಗು.) ಸ್ಪ್ರೇ ಡಬ್ಬಿಯನ್ನು ನೂರು ಎಣಿಸುವವರೆಗೆ ಕುಲುಕಿ, ಒಂದು ಗೇಣು ದೂರದಿಂದ, ಹೊಗೆ ಹಾಯಿಸಿದಂತೆ ಕಪ್ಪನ್ನು ಊದಿ, ಅದರ ಮೇಲೆ ಬಣ್ಣ ಕಟ್ಟುವುದು ನನ್ನ ನಲವತ್ತು ವರ್ಷದ ಪದ್ಧತಿ. ಕಪ್ಪಿದ್ದರೆ ಮಡಿಕೆಗಳಲ್ಲಿ ನೆರಳು ತಾನಾಗಿಯೇ ನಿಲ್ಲುತ್ತದೆ. ಕೈತಪ್ಪಿದರೂ ಕತ್ತಲು ಮುಚ್ಚಿಹಾಕುತ್ತದೆ. ಬಿಳಿಯ ಮೇಲೆ ಅಂಥ ಆಸರೆಯಿಲ್ಲ. ಅಲ್ಲಿ ತೆಳುಬಣ್ಣದ ನೀರನ್ನು, ಅಂದರೆ ವಾಶನ್ನು, ಹರಿಯಬಿಟ್ಟು ನಿಲ್ಲಬೇಕಾದ ಕಡೆ ನಿಲ್ಲಿಸಬೇಕು. ಅದು ನನಗೆ ಎಂದೂ ಒಲಿಯಲಿಲ್ಲ.

ಅಂಟು ಕೇಳುವ ನೆಪದಲ್ಲಿ ಗಡಿಯಾರ ರಿಪೇರಿಯವನ ಅಂಗಡಿಗೆ ಹೋದೆ. ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೊಣಕೈಯನ್ನು ನೋಡಿ, "ಅಯ್ಯೋ, ಅಕ್ಕನ ಕೆಲಸ ಇದು! ಎಷ್ಟು ಚೆನ್ನಾಗಿತ್ತು, ಬೀಳಿಸಿಬಿಟ್ರಾ ಯಜಮಾನ್ರೇ?" ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ. ಅಂಗಡಿಯ ಗಡಿಯಾರಗಳಷ್ಟೂ ಅಂದು ನನ್ನನ್ನು ನೋಡಿ ಟಿಕ್ ಟಿಕ್ ಎಂದು ಲೊಚಗುಟ್ಟಿದಂತಾಯಿತು.

ಮನೆಗೆ ಬಂದು ಹನ್ನೊಂದನ್ನೂ ಮೇಜಿನ ಮೇಲೆ ಮಲಗಿಸಿ, ಒಂದೊಂದರ ಹಿಮ್ಮಡಿಯನ್ನೂ ಸೂಜಿಯಿಂದ ಕೆರೆದೆ. ಏಳು ಕಪ್ಪು. ನಾಲ್ಕು ಬಿಳಿ. ಆ ನಾಲ್ಕು ಯಾವುವು ಬಲ್ಲೆಯಾ? 'ನನ್ನ ಕಣ್ಣು ಮಂಜಾದ ಮೇಲೆ ಕೈ ಮಾಗಿತು. ಆ ಎರಡು ವರ್ಷಗಳ ಬೊಂಬೆಗಳೇ ನನ್ನ ಬಾಳಿನ ಬೆಳೆ' ಎಂದು ನಿನಗೆ ಜಂಬದಿಂದ ಬರೆದೆನಲ್ಲ, ಅವೇ ನಾಲ್ಕು: ಅಂಚೆಯವನು, ಕೊಡೆಯ ಹೆಂಗಸು, ಸಾಣೆ ಹಿಡಿಯುವವನು, ಕುರುಡ ಪಿಟೀಲುಗಾರ.

ಅಷ್ಟರಲ್ಲಿ ನಿನ್ನ ಅಮ್ಮ ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಏನ್ರೀ, ಎಲ್ಲರನ್ನೂ ಸಾಲಾಗಿ ಮಲಗಿಸಿದ್ದೀರಿ? ಸೂಜಿ ಚುಚ್ಚೋ ಆಸ್ಪತ್ರೆ ತೆಗೆದ್ರಾ?"

"ಇವಕ್ಕೆ ಬಿಳಿ ಹೇಗೆ ಬಂತು?"

"ಡಬ್ಬಿಯಿಂದ ಬಂತು."

"ಯಾವ ಡಬ್ಬಿ?"

"ಸಕ್ಕರೆ ಡಬ್ಬದ ಹಿಂದೆ ಇರೋದು. ನೀವು ಅಡುಗೆಮನೆಗೆ ಯಾವತ್ತು ಬಂದಿದ್ದೀರಿ, ಕಾಣೋಕೆ?"

ಆಮೇಲೆ ಕುರ್ಚಿ ಎಳೆದು ಕುಳಿತು, ಅಡುಗೆಗೆ ತಡವಾಯಿತೆಂದು ಹೇಳುವಷ್ಟೇ ಸಲೀಸಾಗಿ ಎಲ್ಲವನ್ನೂ ಹೇಳಿದಳು. ಕಣ್ಣಿಗೆ ಪೊರೆ ಬಂದಿದ್ದ ಆ ದಿನಗಳಲ್ಲಿ ನಾನು ಬಳಿದ ಅಂಚೆಯವನಿಗೆ ಒಂದು ಕಣ್ಣು ಗಲ್ಲದ ಮೇಲಿತ್ತಂತೆ. ಕೊಡೆಯ ಹೆಂಗಸಿನ ತುಟಿಯ ಕೆಂಪು ಕಿವಿಯವರೆಗೆ ಹೋಗಿತ್ತಂತೆ. ನಾನು ಸಂಜೆ ನಾಲ್ಕರಿಂದ ಆರರವರೆಗೆ ವಾಚನಾಲಯದಲ್ಲಿರುವಾಗ ಅವಳು ಬೊಂಬೆಯನ್ನು ಮರದ ಪೀಠದಿಂದ ಬಿಡಿಸಿ, ಬಣ್ಣ ಕರಗಿಸುವ ದ್ರಾವಣದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ತಾರಸಿಯ ಮೇಲೆ ರಟ್ಟಿನ ಪೆಟ್ಟಿಗೆಯೊಳಗಿಟ್ಟು ಬಿಳಿಯನ್ನು ಊದಿ, ಮತ್ತೆ ಮೊದಲಿನಿಂದ ಬಳಿದಳು. ಪೀಠದ ಅಡಿಯಲ್ಲಿ ನಾನು ಬರೆದಿದ್ದ ದಿನಾಂಕ ಹಾಗೆಯೇ ಉಳಿಯಿತು. ಶಸ್ತ್ರಚಿಕಿತ್ಸೆಯಾಗಿ ಕಣ್ಣು ತಿಳಿಯಾದ ದಿನ ನಾನು ಕಪಾಟು ತೆರೆದು, 'ಆಹಾ, ಇದು ನನ್ನ ಕೈಯೇ!' ಎಂದು ಕಣ್ಣೀರು ಹಾಕಿದಾಗ ಅವಳು ಪಕ್ಕದಲ್ಲೇ ನಿಂತು ನನ್ನ ಕನ್ನಡಕ ಒರೆಸುತ್ತಿದ್ದಳು.

"ಹೇಳಬಾರದಿತ್ತೇ?" ಎಂದೆ.

"ಹೇಳಿದ್ರೆ ನೀವು ಬ್ರಶ್ ಕೆಳಗಿಟ್ಟುಬಿಡ್ತಿದ್ರಿ. ಆಮೇಲೆ ದಿನವಿಡೀ ನನ್ನ ಹಿಂದೆಮುಂದೆ ಸುತ್ತಿ ನನ್ನ ಮಾತಲ್ಲಿ ತಪ್ಪು ಹುಡುಕ್ತಿದ್ರಿ." ಕೊಡೆಯ ಹೆಂಗಸನ್ನು ಕೈಗೆತ್ತಿಕೊಂಡು, "ಮೊದಲನೇದು ನಿಮಗೋಸ್ಕರ. ಆಮೇಲೆ ನನಗೇ ರುಚಿ ಹತ್ತಿತು ಅನ್ನಿ. ನೀವು ಇನ್ನೊಂದು ಕೆಡಿಸಲಿ ಅಂತ ಕಾಯ್ತಿದ್ದೆ" ಎಂದು ನಕ್ಕಳು.

ಗುಬ್ಬಿ, ಆ ನಗು ಕೇಳಿ ನನಗೆ ಕೃತಜ್ಞತೆ ಬರಬೇಕಿತ್ತು, ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು. ಬೇರೆ ಸಭ್ಯವಾದ ಪದ ಹುಡುಕಿದೆ. ಇದಕ್ಕಿಂತ ಸರಿಯಾದುದು ದೊರೆಯಲಿಲ್ಲ. ಬಿಳಿ ಡಬ್ಬಿ, ಮೂರು ಬ್ರಶ್ಶುಗಳು, ಎಲ್ಲವನ್ನೂ ತರಿಸಿಕೊಟ್ಟವನು ಆ ಗಡಿಯಾರದವನಂತೆ. ನಮ್ಮ ಗೋಡೆ ಗಡಿಯಾರ ಆ ಎರಡು ವರ್ಷಗಳಲ್ಲಿ ಒಂಬತ್ತು ಬಾರಿ ಕೆಟ್ಟದ್ದು ಏಕೆಂದು ಈಗ ತಿಳಿಯಿತು. ಪ್ರತಿ ಬಾರಿಯೂ ಅವಳು ಅದನ್ನು ಚೀಲದಲ್ಲಿ ಹೊತ್ತೊಯ್ಯುತ್ತಿದ್ದಳು. ಅವನು ಕೆಡದ ಗಡಿಯಾರವನ್ನು ಪಕ್ಕಕ್ಕಿಟ್ಟು ಅವಳ ಬೊಂಬೆಯನ್ನು ನೋಡುತ್ತಿದ್ದ. ತನಗಿಂತ ಹತ್ತು ವರ್ಷ ಹಿರಿಯಳನ್ನು 'ಅಕ್ಕಾ' ಎನ್ನುವವನ ಮೇಲೆ ಈ ವಯಸ್ಸಿನಲ್ಲಿ ಮತ್ಸರವೇ ಎಂದು ನೀನು ಕೇಳಬಹುದು. ಅಕ್ಕ ಎಂದುದಕ್ಕಲ್ಲ. ಮೊದಲು ನೋಡಿದವನು ಅವನು ಎಂಬುದಕ್ಕೆ.

ಮರುವಾರ ಅವಳಿಲ್ಲದ ಹೊತ್ತಿನಲ್ಲಿ ಸಕ್ಕರೆ ಡಬ್ಬದ ಹಿಂದಿನಿಂದ ಡಬ್ಬಿಯನ್ನು ಕದ್ದು ತಂದು, ಹೊಸ ಬೊಂಬೆಯೊಂದಕ್ಕೆ ಬಿಳಿ ಊದಿದೆ. ಅವಳು ಬಳಿದ ಕೊಡೆಯ ಮಡಿಕೆಗಳಲ್ಲಿ ನೀಲಿ ಹೇಗೆ ಇಳಿದು, ಕಡ್ಡಿಯ ಬುಡಕ್ಕೆ ಬಂದು, ಅಂಚಿನಲ್ಲಿ ತಿಳಿಯಾಗಿದೆಯೋ ಹಾಗೆಯೇ ಮಾಡಬೇಕೆಂದು ಹಟ. ನೀಲಿ ನನ್ನ ಮಾತು ಕೇಳಲಿಲ್ಲ. ಎಲ್ಲೆಲ್ಲೋ ಮಡುಗಟ್ಟಿ, ಒಣಗಿ, ಚಹಾ ಲೋಟದ ಗುರುತಿನಂತೆ ಉಂಗುರ ಬಿಟ್ಟಿತು. ಹಿಂದಿನಿಂದ ಅವಳ ದನಿ: "ಕೊಳೆನೀರು ಜಾಸ್ತಿಯಾಯ್ತು. ಒಣ ಬ್ರಶ್ ತುದಿ ತಾಗಿಸಿ, ಅದೇ ಹೀರಿಕೊಳ್ಳತ್ತೆ." ಅವಳು ವಾಶನ್ನು ಕೊಳೆನೀರು ಎನ್ನುತ್ತಾಳೆ! ಅವಳು ಹೇಳಿದಂತೆ ಮಾಡಿದ್ದರೆ ಬೊಂಬೆ ಉಳಿಯುತ್ತಿತ್ತು. ನಾನು ಅದನ್ನು ಕಸದ ಬುಟ್ಟಿಗೆ ಎಸೆದೆ.

ಆ ಸಿಟ್ಟಿನಲ್ಲಿಯೇ ನಾಲ್ಕೂ ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಒಡೆದವೆಂದು ಪ್ರದರ್ಶನ ನಡೆಸುವ ಸಂಘದವರಿಗೆ ಸುಳ್ಳು ಹೇಳಿ, ಉಳಿದವನ್ನು ಮಾತ್ರ ನನ್ನ ಹೆಸರಿನಲ್ಲಿ ಕಳುಹಿಸುವ ಆಲೋಚನೆ. ಅವಳು ನೋಡಿದಳು. ಜಗಳಕ್ಕೆ ಬರುತ್ತಾಳೆಂದು ಕಾದೆ. "ಹಗ್ಗ ಬಿಗಿಯಾಗಿ ಕಟ್ಟಬೇಡಿ, ಪಿಟೀಲಿನ ಕಮಾನು ತೆಳ್ಳಗಿದೆ" ಎಂದಷ್ಟೇ ಹೇಳಿ ಹೋದಳು. ನಾನು ಹೆಸರಿಗಾಗಿ ಸಾಯುತ್ತಿರುವಾಗ ಅವಳಿಗೆ ಹೆಸರೇ ಬೇಡ. ಅದಕ್ಕೂ ಹೊಟ್ಟೆ ಉರಿಯಿತು.

ಮೂರು ವಾರ ಪೆಟ್ಟಿಗೆ ಮಂಚದ ಕೆಳಗಿತ್ತು. ನಿನ್ನೆ ಬಿಚ್ಚಿದೆ. ಬಿಚ್ಚಿದ್ದು ಒಳ್ಳೆಯತನದಿಂದಲ್ಲ, ಪಿಟೀಲುಗಾರನ ಮುಖವನ್ನು ಮತ್ತೊಮ್ಮೆ ನೋಡದೆ ಇರಲಾಗಲಿಲ್ಲ, ಅಷ್ಟೆ. ಕಾಣದ ಕಣ್ಣುಗಳ ಸುತ್ತ ಅವಳು ಬಿಟ್ಟಿರುವ ಬೂದುಬಣ್ಣದ ನೀರು ಎಷ್ಟು ಕಡಿಮೆ, ಎಷ್ಟು ಸಾಕು! ಇಷ್ಟು ಚೆನ್ನಾಗಿರುವುದನ್ನು ಸುಳ್ಳು ಹೇಳಿ ಅಡಗಿಸಲು ನನಗೆ ಕೈಬರಲಿಲ್ಲ. ಆ ನಾಲ್ಕರ ಚೀಟಿಗಳ ಮೇಲೆ ನಿನ್ನ ಅಮ್ಮನ ಹೆಸರು ಬರಲಿ. ಅವಳು ಬೇಡವೆನ್ನುತ್ತಾಳೆ, ನೀನು ಕೇಳಬೇಡ.

ನಿನ್ನ ಕೈಬರಹ ಹೀಗೆಯೇ ನೇರವಾಗಿರಲಿ, ಮನೆ ತಂಪಾಗಿರಲಿ, ಅಳಿಯಂದಿರು ಭಾರ ಎತ್ತದಿರಲಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. 'ನಿನ್ನ ಅಮ್ಮನಿಗೆ ಈ ಕೆಲಸದಲ್ಲಿ ಎಂದೂ ಆಸಕ್ತಿಯಿರಲಿಲ್ಲ' ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ಸುಳ್ಳು. ನಿನ್ನ ಆರನೆಯ ಹುಟ್ಟುಹಬ್ಬಕ್ಕೆ ನಾನು ಬಳಿದುಕೊಟ್ಟೆನೆಂದು ನೀನು ಇಂದಿಗೂ ಮೇಜಿನ ಮೇಲಿಟ್ಟುಕೊಂಡಿರುವ ಹಗ್ಗದಾಟದ ಹುಡುಗಿಯನ್ನು ಮೊದಲು ಬಳಿದವಳು ಅವಳು. ಬಳಿದು, ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಲು ಬಂದಳು. ಹಳದಿ ಲಂಗ, ಬಿದ್ದುಹೋದ ಮುಂದಿನ ಹಲ್ಲು, ಥೇಟು ನೀನೇ. ನನಗೆ ತಡೆಯಲಾಗಲಿಲ್ಲ. "ಪಾತ್ರೆ ತಿಕ್ಕೋ ಕೈಗೆ ಇದೆಲ್ಲ ಬರಲ್ಲ, ಬಿಡು" ಎಂದು ಹೇಳಿ, ಅವಳ ಕಣ್ಣೆದುರಿಗೇ ಅದರ ಮೇಲೆ ಕಪ್ಪು ಊದಿ, ಆಮೇಲೆ ನನ್ನ ಬಣ್ಣ ಬಳಿದೆ. ಅವಳು ನನ್ನ ಕೆಟ್ಟದ್ದನ್ನು ಗುಟ್ಟಾಗಿ ತೊಳೆದು ನನ್ನ ಮಾನ ಕಾದಳು. ನಾನು ಅವಳ ಒಳ್ಳೆಯದನ್ನು ಮುಚ್ಚಿ ಮೂವತ್ತಾರು ವರ್ಷ ನಿನ್ನಿಂದ ಮುತ್ತು ಪಡೆದೆ. ಹುಡುಗಿಯ ಹಿಮ್ಮಡಿಯನ್ನು ಸೂಜಿಯಿಂದ ಕೆರೆದು ನೋಡು. ಕಪ್ಪು ಸಿಗುತ್ತದೆ. ಅಲ್ಲಿಗೆ ನಿಲ್ಲಿಸಬೇಡ.

ಚೀಟಿಗಳಿಗೆ ಬೇಕಾದ ದಿನಾಂಕಗಳು, ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಟ್ಟಂತೆ:

ಅಂಚೆಯವನು: ನಾನು ಬರೆದದ್ದು ಆಗಸ್ಟ್ ೩, ೨೦೧೭. ಸರಿಯಾದುದು ಆಗಸ್ಟ್ ೨೯, ೨೦೧೭.

ಕೊಡೆ ಹಿಡಿದ ಹೆಂಗಸು: ನಾನು ಬರೆದದ್ದು ಜನವರಿ ೧೬, ೨೦೧೮. ಸರಿಯಾದುದು ಫೆಬ್ರವರಿ ೨೦, ೨೦೧೮.

ಸಾಣೆ ಹಿಡಿಯುವವನು: ನಾನು ಬರೆದದ್ದು ಸೆಪ್ಟೆಂಬರ್ ೫, ೨೦೧೮. ಸರಿಯಾದುದು ಅಕ್ಟೋಬರ್ ೧, ೨೦೧೮.

ಕುರುಡ ಪಿಟೀಲುಗಾರ: ನಾನು ಬರೆದದ್ದು ಏಪ್ರಿಲ್ ೨೨, ೨೦೧೯. ಸರಿಯಾದುದು ಜೂನ್ ೧೭, ೨೦೧೯.

ಹಗ್ಗದಾಟದ ಹುಡುಗಿ: ನಾನು ಬರೆದದ್ದು ಜೂನ್ ೧೧, ೧೯೮೮. ಸರಿಯಾದುದು ಜೂನ್ ೯, ೧೯೮೮.