ಐದನೇ ಸೌಲಭ್ಯ ಯಾರ ತಪ್ಪು?

ಕಂಪ್ಯೂಟರಿನ ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆ ಮಾಡಿರುವ ಕಂಪನಿಯ ಮುಖ್ಯಸ್ಥರೇ,

'ಮಾನ್ಯರೇ' ಎಂದು ಬರೆಯಲು ಕೈ ಬರುತ್ತಿಲ್ಲ. ಹೊಸ ಆವೃತ್ತಿಯ ಐದನೇ 'ಸೌಲಭ್ಯ'ವೆಂದು ನೀವು ಮೆರೆಸುತ್ತಿರುವುದು, ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಒಬ್ಬ ಹೆಂಗಸಿನ ಮರ್ಯಾದೆ ತೆಗೆದ ನಿಮ್ಮ ಹಳೇ ತಪ್ಪಿಗೆ ಹಾಕಿದ ತೇಪೆ. ಸರಿಪಡಿಸಿದ್ದೀರಿ, ಸಂತೋಷ. ಅದಕ್ಕೆ ಹೊಸತೆಂದು ಹೆಸರಿಟ್ಟು ಡಂಗುರ ಹೊಡೆಯಲು ನಾಚಿಕೆಯಾಗುವುದಿಲ್ಲವೇ? ನನಗಂತೂ ಆಗುತ್ತಿದೆ. ಯಾಕೆಂದು ಹೇಳುತ್ತೇನೆ.

ಕಳೆದ ವರ್ಷ ಆ ಕೋಣೆಯ ಕ್ಲರ್ಕ್, ನಾವೆಲ್ಲ ಅಕ್ಕ ಎನ್ನುವವರು, ರೋಗಿಗಳ ಕಡತ ತಿದ್ದಿ ಸೇವ್ ಮಾಡುತ್ತಿದ್ದರು. ಕಂಪ್ಯೂಟರ್ ಸ್ಲೀಪ್ ಆಗಿ ಎದ್ದರೆ ತಿದ್ದಿದ್ದೆಲ್ಲ ಮಾಯ, ಹಳೆಯ ಕಡತವೇ ಹಾಜರ್. ಆಡಳಿತದವರು ಅಕ್ಕನನ್ನು ತನಿಖೆಗೆ ಕೂರಿಸಿದರು. "ನಾನು ಸೇವ್ ಮಾಡಿದ್ದೆ ಕಣೋ. ಇದು ಮಲಗಿ ಎದ್ರೆ ಎಲ್ಲಾ ಮರ್ತುಬಿಡುತ್ತೆ" ಎಂದರು ಅಕ್ಕ. "ಮಲಗಿದ್ದು ಅದೋ, ನೀವೋ?" ಎಂದೆ. ಕೋಣೆಯೇ ನಕ್ಕಿತು. ಹಾಗೆಂದ ನಾನು ನೌಕರರ ಸಂಘದ ಕಾರ್ಯದರ್ಶಿ, ಅವರ ಪರ ನಿಲ್ಲಬೇಕಾಗಿದ್ದವನು. ಗೇಟಿನ ಮುಂದೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು, ಯಂತ್ರ ಸುಳ್ಳು ಹೇಳುವುದಿಲ್ಲವೆಂದು ನಂಬಿ 'ನಿರ್ಲಕ್ಷ್ಯ' ಎಂಬ ವರದಿಗೆ ಸಹಿ ಜಡಿದೆ. ಅಕ್ಕನನ್ನು ಉಗ್ರಾಣಕ್ಕೆ ತಳ್ಳಿದರು. ಈಗ ಅವರು ಬೆಡ್‌ಶೀಟ್ ಮಡಚುತ್ತಾರೆ.

ಹೊಸ ಆವೃತ್ತಿಯಲ್ಲಿ ಇರುವುದೇನು? ಪರದೆಯ ಚೌಕಗಳ ಮೂಲೆ ದುಂಡಗಾಗಿದೆ, ಬಟನ್‌ಗಳು ಜಾಗ ಬದಲಿಸಿವೆ. ಐದನೆಯದು: 'ಸ್ಲೀಪ್ ನಂತರವೂ ನಿಮ್ಮ ತಿದ್ದುಪಡಿ ಭದ್ರ.' ಹಾಗಾದರೆ ಇಷ್ಟು ದಿನ? ಕಿತ್ತ ಚಪ್ಪಲಿ ಹೊಲಿಯುವವನು ಕೂಡ 'ಹೊಲಿಗೆ ಹಾಕಿದೀನಿ ನೋಡಿ' ಎನ್ನುತ್ತಾನೆ, ಹೊಸ ಜೋಡು ಕೊಟ್ಟೆ ಎನ್ನುವುದಿಲ್ಲ. ಎಲ್ಲವೂ ತೇಪೆಯೆಂದು ನಾನು ಹೇಳುತ್ತಿಲ್ಲ. ಕಡತ ಹುಡುಕುವುದು ನಿಜಕ್ಕೂ ಚುರುಕಾಗಿದೆ. ಆದರೆ ತೇಪೆಯನ್ನು ತೇಪೆ ಎನ್ನದಿದ್ದರೆ, ಹರಿದದ್ದು ಯಾರಿಂದ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಪ್ಪೆಲ್ಲ ಕೀಲಿಮಣೆಯ ಮುಂದೆ ಕೂತವರ ತಲೆಗೆ.

ನಿಮ್ಮ ಸೌಲಭ್ಯಗಳ ಪಟ್ಟಿ ಹಿಡಿದು ಉಗ್ರಾಣಕ್ಕೆ ಹೋದೆ. ಅಕ್ಕ ಕನ್ನಡಕ ಏರಿಸಿ ಎರಡು ಸಲ ಓದಿದರು. "ಅವರಿಗೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ, ಬಿಡು. ನಿನಗೆ ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತಲ್ಲಪ್ಪಾ?"

ಅಲ್ಲಿಂದ ನೇರ ಆಡಳಿತ ಕಚೇರಿಗೆ ನಡೆದೆ.

ನನ್ನ ಪಾಪವನ್ನು ನಿಮ್ಮ ತಲೆಗೆ ಕಟ್ಟಲಾರೆ. ವರದಿ ತಪ್ಪೆಂದು ಬರೆದುಕೊಟ್ಟಿದ್ದೇನೆ. 'ಕಂಪನಿ ಒಪ್ಪಲಿ, ಆಮೇಲೆ ನೋಡೋಣ' ಎನ್ನುತ್ತಿದೆ ಆಡಳಿತ. ಅಕ್ಕನ ನಿವೃತ್ತಿಗೆ ಇನ್ನು ಆರೇ ವಾರ. ಆ ಸೌಲಭ್ಯದ ಸಾಲು ಹೊಡೆದುಹಾಕಿ, ಅಲ್ಲಿ ಬರೆಯಿರಿ: 'ಹಿಂದಿನ ಆವೃತ್ತಿಯಲ್ಲಿ ಇದು ನಮ್ಮ ದೋಷವಾಗಿತ್ತು.' ದಿನಾಂಕ ಹಾಕಿ, ಮೊಹರು ಒತ್ತಿ ಕಳಿಸಿ. ನಿಮ್ಮ ಕ್ಷಮಾಪಣೆ ಬೇಡ. ಅಕ್ಕನ ಕ್ಷಮೆ ಕೇಳಬೇಕಾದವನು ನಾನು, ಇನ್ನೂ ಬಾಯಿ ಬಂದಿಲ್ಲ.

ಇಂತಿ,
ತಲೆ ಎತ್ತಲಾಗದ,
ಇಂದು ಬೆಳಿಗ್ಗೆಯಿಂದ ಸಂಘದ ಮಾಜಿ ಕಾರ್ಯದರ್ಶಿ