ಸುಕ್ಕಿಲ್ಲದ ಮುಖ

ಡಾಕ್ಟರರಿಗೆ,

ನಿಮ್ಮ ಬಿಳಿ ಕೋಟುಗಳನ್ನು ಒಗೆದು ಇಸ್ತ್ರಿ ಮಾಡುವುದು ನಮ್ಮ ಅಂಗಡಿ. ಬೇರೆ ಗುರುತು ಬೇಕಿಲ್ಲ.

ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗುತ್ತವೆ ಎಂದು ಕಳೆದ ವರ್ಷ ನನ್ನ ಸೊಸೆ ನಿಮ್ಮೆದುರು ಅತ್ತಳು. ನೀವು ಅವಳ ಕೈ ಮುಟ್ಟಲೂ ಇಲ್ಲ. "ನೀರಲ್ಲಿ ಕೆಲಸ ಮಾಡೋರಿಗೆ ಇದೆಲ್ಲ ಇದ್ದದ್ದೇ" ಎಂದಿರಿ. ಮೇಲೊಂದು ತಮಾಷೆ ಬೇರೆ: "ಮುಖಕ್ಕೂ ಇಸ್ತ್ರಿ ಹಾಕ್ತೀಯೇನಮ್ಮ? ಒಂದು ಸುಕ್ಕೂ ಇಲ್ವಲ್ಲ!"

ಸುಕ್ಕಿಲ್ಲದ್ದು ಚೆಲುವಿನಿಂದಲ್ಲ. ಚರ್ಮ ಗಟ್ಟಿಯಾಗಿ ಬಿಗಿಯುತ್ತಿತ್ತು. ದೊಡ್ಡಾಸ್ಪತ್ರೆಯವರು ಅವಳ ಬೆರಳಿನ ಚರ್ಮ ಚಿವುಟಿ ನೋಡಿದರು, ಮಡಿಕೆಯೇ ಬರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಲೆರೋಡರ್ಮಾ ಎಂದರು. ತಣ್ಣೀರಿಗೆ ಬೆರಳು ಬೆಳ್ಳಗಾಗುವುದೇ ಆ ರೋಗದ ಮೊದಲ ಸೂಚನೆಯಂತೆ. ಶ್ವಾಸಕೋಶಕ್ಕೂ ಹತ್ತಿದೆಯಂತೆ. ಔಷಧಿಯಿಂದ ರೋಗ ನಿಧಾನವಾದೀತು, ಹಾಳಾದದ್ದು ಮರಳದು. ಈಗ ತುತ್ತು ಇಡಲೂ ಅವಳ ಬಾಯಿ ಪೂರ್ತಿ ತೆರೆಯುವುದಿಲ್ಲ.

ಬುಧವಾರ ಅವಳನ್ನು ಕರೆತರುತ್ತೇನೆ. ಫೀಸು ಕೊಡುವುದಿಲ್ಲ, ನಿಮ್ಮ ಔಷಧಿಯೂ ಬೇಡ. ಅವಳ ಕೈ ಹಿಡಿದುಕೊಳ್ಳಿ. ಆ ಚರ್ಮ ಹೇಗಿರುತ್ತದೆಂದು ನಿಮ್ಮ ಬೆರಳಿಗೆ ತಿಳಿಯುವವರೆಗೆ ಬಿಡಬೇಡಿ. ನಾಳೆ ಇನ್ನೊಂದು ಮನೆಯ ಮಗಳು ಬೆಳ್ಳಗಾದ ಬೆರಳು ಚಾಚಿದಾಗ ನಿಮಗೆ ತಮಾಷೆ ನೆನಪಾಗಬಾರದು.

ಅಂಗಡಿಯಲ್ಲಿರುವ ನಿಮ್ಮ ಕೋಟುಗಳನ್ನು ಒಗೆದಿಲ್ಲ. ಹಾಗೆಯೇ ತರುತ್ತೇನೆ. ಅವುಗಳ ಸುಕ್ಕು ನಿಮಗೇ ಇರಲಿ.

ಇಂತಿ,
ಅವಳ ಅತ್ತೆ