ಶನಿವಾರದ ಪ್ರದರ್ಶನ

ಕಲಾಬ್ರಿಯಾ, ಗುರುವಾರ

ಪ್ರೀತಿಯ ಅಕ್ಕ ನುಂಝಿಯಾತಾ,

ಅಮ್ಮನನ್ನು ನಾಳೆ ರೈಲು ಹತ್ತಿಸುತ್ತೇನೆ, ಜಿನೋವಾದಲ್ಲಿ ಇಳಿಸಿಕೊ. ನಿನ್ನ ಮಗಳಿಗೆ ಜ್ವರವೆಂದು ಸುಳ್ಳು ಹೇಳಿದ್ದೇನೆ, ನೀನೂ ಹಾಗೇ ಹೇಳು. ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಈ ಪತ್ರವನ್ನು ಇಂದೇ ರಾತ್ರಿ ರೈಲಿಗೆ ಹೊರಟ ಗೆಳೆಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ರೋಮಿನ ನಿರ್ಮಾಪಕರೆಲ್ಲ ಬೇಡವೆಂದ ನನ್ನ ಸಿನಿಮಾವನ್ನು ಶನಿವಾರ ನಮ್ಮೂರಲ್ಲೇ ತೋರಿಸುತ್ತಿದ್ದೇನೆ. ಅದರಲ್ಲಿ ಅಪ್ಪನನ್ನು ಕೊಂದ ಮಾಫಿಯಾ ಧಣಿ ದೊನ್ ಮೀಕೊನ ಪಾತ್ರಕ್ಕೆ ಯಾವ ನಟನೂ ಒಪ್ಪಲಿಲ್ಲ, ನಾನೇ ಮಾಡಿದೆ. ನಿನ್ನೆ ಬಾರಿನಲ್ಲಿ ಅವನ ಮಗ ನನ್ನ ಕಾಫಿಗೆ ತಾನೇ ಸಕ್ಕರೆ ಹಾಕಿ ಕಲಕಿದ.

"ಸಿನಿಮಾದಲ್ಲಿ ನಮ್ಮಪ್ಪನ ಥರಾನೇ ನಡೀತೀಯಂತಲ್ಲೋ. ಮುಂದಿನ ಸಾಲು ನಮಗಿರ್ಲಿ. ಅಮ್ಮನ್ನೂ ಕರ್ಕೊಂಡ್ ಬಾ, ಪಕ್ಕದಲ್ಲೇ ಕೂರಿಸ್ಕೋತೀನಿ."

ಆ ಕಾಫಿ ಕುಡಿದೆ.

ಟಾಕೀಸಿನ ಮಾಲೀಕ ಕೀಲಿ ನನ್ನ ಕೈಗಿಟ್ಟು ಊರು ಬಿಟ್ಟಿದ್ದಾನೆ. ಬಾಗಿಲು ನಾನೇ ತೆರೆಯುತ್ತೇನೆ.

ಭಾನುವಾರ ಫೋನ್ ಮಾಡುತ್ತೇನೆ. ಫೋನ್ ಬಾರದಿದ್ದರೆ ಅಮ್ಮನನ್ನು ಇಲ್ಲಿಗೆ ಕಳಿಸಬೇಡ, ನನ್ನನ್ನು ಮಣ್ಣು ಮಾಡುವುದಕ್ಕೂ.

ನಿನ್ನ ತಮ್ಮ,
ಸವೇರಿಯೊ